ಏರಿಯ ಮೇಲೆ ಬಿಚ್ಚಿಟ್ಟ ಕಾಲು

ಮೊದಲು ಬಕಲ್ಲಿನ ಸದ್ದು. ಚರ್ಮದ ಪಟ್ಟಿಯೊಂದು ಕೊಂಡಿಯಿಂದ ಕಳಚಿಕೊಳ್ಳುವ ಸಣ್ಣ ‘ಕಟ್’. ಹಿಂದೆಯೇ ಇನ್ನೊಂದು. ಆಮೇಲೆ ಕಬ್ಬಿಣದ ಕಾಲನ್ನು ಕಲ್ಲಿನ ಮೇಲೆ ಮಲಗಿಸುವ ‘ಠಣ್’. ಅದಾದ ಮೇಲೆ ಒಂದು ಗಳಿಗೆ ಏನೂ ಇಲ್ಲ. ತೋಟದೊಳಗೆ ಕುಟ್ರಹಕ್ಕಿಯೊಂದು ತನ್ನ ಪಾಡಿಗೆ ಕೂಗುತ್ತಿರುತ್ತದೆ, ಅಷ್ಟೇ. ಕೊನೆಗೆ ಧುಡುಮ್ಮೆಂದು ನೀರು.

ಅಡುಗೆಮನೆಯ ಕಿಟಕಿಯಿಂದ ಅಮ್ಮನ ದನಿ: “ಬಿದ್ನೇನೇ ಅವ್ನು?”

“ಇಲ್ಲಮ್ಮ, ಹಾರ್ದ.”

“ಹಾರ್ದ್ರೆ ಸರಿ ಬಿಡು.”

ನಮ್ಮ ಮನೆಯಲ್ಲಿ ಬೀಳುವುದು ಬೇರೆ, ಹಾರುವುದು ಬೇರೆ. ನೆಲದ ಮೇಲೆ ತಮ್ಮ ಬೀಳುತ್ತಿದ್ದ. ಹೊಸಿಲಲ್ಲಿ, ಕಣದಲ್ಲಿ, ಕಾಫಿ ಗಿಡದ ಸಾಲಿನಲ್ಲಿ, ಎಲ್ಲೆಂದರಲ್ಲಿ. ಮಾತು ಕಲಿಯುವ ವಯಸ್ಸಿನಲ್ಲಿ ಪೋಲಿಯೊ ಬಂದು ಅವನ ಬಲಗಾಲು ಸೊರಗಿತ್ತು. ಮೈಸೂರಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಕಟ್ಟಿಕೊಂಡು ನಡೆಯುತ್ತಿದ್ದ. ಅವನು ಬೆಳೆದ ಹಾಗೆಲ್ಲ ಅದನ್ನೂ ಬದಲಿಸಬೇಕಾಗುತ್ತಿತ್ತು. ನೀರಿನಲ್ಲಿ ಮಾತ್ರ ಅವನು ಹಾರುತ್ತಿದ್ದ. ಏರಿಯ ಮೇಲೊಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಕೂತು ಕಾಲು ಬಿಚ್ಚಿಟ್ಟು ಕೈಯೂರಿ ಮುಂದಕ್ಕೆ ಚಿಮ್ಮಿದನೆಂದರೆ, ಕೆರೆಯ ಆಚೆ ದಡದಲ್ಲಿ ತಲೆ ಎತ್ತುವವರೆಗೂ ನನಗೆ ಉಸಿರಿರುತ್ತಿರಲಿಲ್ಲ. ಅವನಿಗೇನೋ ಇರುತ್ತಿತ್ತು.

ನಾನು ಮಡಿಕೇರಿಯಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದುತ್ತಿದ್ದವಳು. ಹಾಲಿಡೇಸ್ ಎಂದರೆ ನನಗೆ ಈ ಸದ್ದುಗಳೇ. ಕೊಡ್ಲಿಪೇಟೆಯಲ್ಲಿ ಬಸ್ಸಿಳಿದು ಜೀಪಿನಲ್ಲಿ ತೋಟಕ್ಕೆ ಬಂದು, ಟ್ರಂಕು ಇಳಿಸುವ ಮೊದಲೇ ಅವನು ಕೇಳುತ್ತಿದ್ದ, “ಅಕ್ಕ, ಈ ಸಲನಾದ್ರೂ ಈಜು ಕಲೀತೀಯಾ?” ನಾನು, “ಲೇಡೀಸ್ ಡು ನಾಟ್ ಸ್ಪ್ಲಾಶ್ ಅಬೌಟ್, ಅಂತ ನಮ್ಮ ಸಿಸ್ಟರ್ ಹೇಳಿದ್ದಾರೆ,” ಎಂದರೆ, “ನಿಮ್ಮ ಸಿಸ್ಟರ್‌ಗೆ ಕಾಲು ಎರಡೂ ಸರಿ ಇದಾವೆ, ಅದ್ಕೇ ಹಂಗಂತಾರೆ” ಎಂದು ನಗುತ್ತಿದ್ದ.  ನಾನು ಈಜು ಕಲಿಯಲಿಲ್ಲ.

ಕೆರೆ ಏನು ದೊಡ್ಡದಲ್ಲ. ಎರಡು ಕಾಫಿ ಗುಡ್ಡಗಳ ನಡುವೆ ಹರಿಯುವ ಒಂದು ಹಳ್ಳ, ಅದಕ್ಕೆ ಅಡ್ಡವಾಗಿ ಅಪ್ಪ ಹಾಕಿಸಿದ ಮಣ್ಣಿನ ಏರಿ, ಹಿಂದೆ ನಿಂತ ನೀರು. ಏರಿಯ ಬುಡದಲ್ಲಿ ನೀರು ಬಿಡುವ ತೂಬು, ಒಂದು ತುದಿಯಲ್ಲಿ ಹೆಚ್ಚಾದ ನೀರು ತಾನೇ ಹರಿದುಹೋಗುವ ಕೋಡಿ. ಕೆಳಗೆ ಒಂದಿಷ್ಟು ಗದ್ದೆ, ಗದ್ದೆಯಂಚಿಗೆ ಒಂದು ಹೆಂಚಿನ ಮನೆ. ಅಪ್ಪ ಅದನ್ನು ‘ಡ್ಯಾಮ್’ ಎನ್ನುತ್ತಿದ್ದರು. ಜಿಯಾಗ್ರಫಿ ಕ್ಲಾಸಿನಲ್ಲಿ ನಾನು ಎದ್ದು ನಿಂತು, ನಮ್ಮ ಮನೆಯಲ್ಲೂ ಒಂದು ಡ್ಯಾಮಿದೆ ಎಂದು ಹೇಳಿ ನಗೆಪಾಟಲಾಗಿದ್ದೆ. ರಜಕ್ಕೆ ಬಂದು ಮುಖ ಊದಿಸಿಕೊಂಡು ಅದನ್ನು ಹೇಳಿದರೆ ಅಪ್ಪ, “ಮಣ್ಣಲ್ಲಿ ಕಟ್ಟಿದ್ರೂ ಡ್ಯಾಮು ಡ್ಯಾಮೇ. ಒಡೆದ್ರೆ ಗೊತ್ತಾಗುತ್ತೆ ನಿಮ್ಮ ಸಿಸ್ಟರ್‌ಗೆ” ಎಂದರು. ಆಗ ಅದು ತಮಾಷೆಯಾಗಿ ಕೇಳಿಸಿತ್ತು.

ಆ ಕಾಲದಲ್ಲಿ ಕೆರೆಯಿದ್ದದ್ದು ಕಾಫಿಗೆ. ಬೇಸಿಗೆಯ ಮೊದಲ ಮಳೆ ಕೈಕೊಟ್ಟರೆ ರೊಬಸ್ಟಾದ ಮೊಗ್ಗು ಅರಳುವುದಿಲ್ಲ. ಅದಕ್ಕೇ ಏರಿಯ ಮೇಲೆ ಪಂಪ್ ಕೂರಿಸಿ, ಪೈಪು ಎಳೆದು, ಸ್ಪ್ರಿಂಕ್ಲರಿನಲ್ಲಿ ತೋಟಕ್ಕೆ ನೀರು ಹಾರಿಸುತ್ತಿದ್ದರು. ಗುಡ್ಡವಿಡೀ ಬೆಳ್ಳಗೆ ಹೂವಾಗಿ ಮನೆಯೊಳಗಿನ ಬಟ್ಟೆಬರೆಗೂ ಅದರ ಪರಿಮಳ ಹಿಡಿಯುವ ಹೊತ್ತಿಗೆ ಕೆರೆ ತಳ ಕಂಡಿರುತ್ತಿತ್ತು. ಬರೀ ಕೆಸರು, ಒದ್ದಾಡುವ ಮೀನು, ಕೊಕ್ಕರೆ. ಆಗ ಅಪ್ಪ ಕೋಲು ಹಿಡಿದು ಏರಿಯ ಒಳಮೈಯನ್ನು ಉದ್ದಕ್ಕೂ ಚುಚ್ಚುತ್ತ ನಡೆಯುತ್ತಿದ್ದರು. ಎಲ್ಲೆಲ್ಲಿ ಏಡಿ ತೂತು ಮಾಡಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ಬಿರುಕು. ಅಲ್ಲೆಲ್ಲ ಹುತ್ತದ ಮಣ್ಣು ತುಂಬಿಸಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಸುವುದು. ಏರಿಯ ಮೇಲೆ ಹುಲ್ಲೊಂದು ಬಿಟ್ಟು ಬೇರೇನೂ ಇರಕೂಡದು. ಎಲ್ಲಾದರೂ ಒಂದು ಹಲಸಿನ ಸಸಿ ತಲೆ ಎತ್ತಿದರೂ ಕಿತ್ತೆಸೆಯುತ್ತಿದ್ದರು. ಪ್ರತಿ ವರ್ಷ ಇದೇ.

ತಮ್ಮ ಇದನ್ನು ಒಂದು ವರ್ಷವೂ ನಿಂತು ನೋಡಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲಿದೆ. ಕೆರೆ ಖಾಲಿಯಾದ ದಿನಗಳು ಅವನ ಪಾಲಿಗೆ ಸೂತಕದ ದಿನಗಳು. ಕೆಸರಿನಲ್ಲಿ ಕ್ಯಾಲಿಪರ್ ಊರಲಾಗದು, ಹಾರಲು ನೀರಿಲ್ಲ. ಕಿಟಕಿ ಹಾಕಿಕೊಂಡು ಹಾಸಿಗೆಯ ಮೇಲೆ ಒಬ್ಬನೇ ಇಸ್ಪೀಟು ಹರಡಿಕೊಂಡು ಕೂರುತ್ತಿದ್ದ. ದಿಮ್ಮಸಿನ ಸದ್ದು ಕೇಳಿದರೆ ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದ. “ಬಾರೋ, ನಾಳೆ ಇದೆಲ್ಲ ನೋಡ್ಕೊಳ್ಳೋನು ನೀನೇ ತಾನೆ,” ಎಂದು ಅಪ್ಪ ಕರೆದರೆ, “ತುಂಬಿದ ಮೇಲೆ ಕರೀರಿ” ಎಂದು ಒಳಗಿನಿಂದಲೇ ಉತ್ತರ. ಕಾಲು ಸೊರಗಿದ ಮಗ. ಅಪ್ಪ ಹೆಚ್ಚು ಒತ್ತಾಯ ಮಾಡುತ್ತಿರಲಿಲ್ಲ.

ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ದಿನ ಮೊದಲು ಸುದ್ದಿ ತರುತ್ತಿದ್ದವನು ಅವನೇ. ಕಂಬಳಿ ಕೊಪ್ಪೆಯೊಳಗಿಂದ ಅವನ ಮುಖ ಮಾತ್ರ ಕಾಣುತ್ತಿತ್ತು, ಮದುವೆಗೆ ಕರೆಯಲು ಬಂದವನ ಹಾಗೆ. ಅಮ್ಮ ಅರಿಶಿನ ಕುಂಕುಮ, ಬಳೆ, ಬಾಗಿನ ತೆಗೆದುಕೊಂಡು ಹೋಗಿ ನೀರಿಗೆ ಬಿಡುತ್ತಿದ್ದರು.

ನಾನು ಮದುವೆಯಾಗಲಿಲ್ಲ. ಟೀಚರಾದೆ, ಊರೂರಿನ ಶಾಲೆಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಎಲ್ಲರಿಗೂ ‘ಮಿಸ್’ ಆಗಿಯೇ ಉಳಿದೆ. ರಿಟೈರಾದ ಮೇಲೆ ತಮ್ಮನ ಮನೆಗೆ ಹೊಂದಿಕೊಂಡ ಎರಡು ಕೋಣೆಗೆ ಬಂದು ಸೇರಿದೆ. ಅಷ್ಟರಲ್ಲಿ ಅಪ್ಪ ಅಮ್ಮ ಹೋಗಿದ್ದರು, ತೋಟ ಅವನದಾಗಿತ್ತು, ಏರಿಯ ಮೇಲೆ ಮರಗಳಿದ್ದವು.

ಹೌದು, ಮರಗಳು. ಪ್ಲಾಂಟರನ ಕೈ ಹಾಗೆ. ಅದಕ್ಕೆ ಬಯಲು ಕಂಡರೆ ಆಗುವುದಿಲ್ಲ. ತೋಟದ ಮೂಲೆಯಲ್ಲಿ ಒಂದು ಗೇಣು ಖಾಲಿಯಿದ್ದರೆ ಅಲ್ಲೊಂದು ಸಿಲ್ವರ್ ಓಕ್ ನೆಡುತ್ತಾನೆ, ಅದರ ಬುಡಕ್ಕೊಂದು ಕರಿಮೆಣಸಿನ ಬಳ್ಳಿ ಬಿಡುತ್ತಾನೆ. ನಮ್ಮ ಕಡೆ ಇದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ತಮ್ಮನೂ ನೆಟ್ಟಿದ್ದ. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ಗುಡ್ಡದ ಮೇಲೆ ಬಾಳುವ ನಮಗೆಲ್ಲ ಹಾಲಿನ ಜೊತೆ ಕುಡಿದ ಪಾಠ. ಗುಡ್ಡದಲ್ಲಿ ಅದು ನಿಜವೇ. ಏರಿ ಗುಡ್ಡವಲ್ಲ ಎಂದು ಅವನಿಗೆ ಹೇಳಿಕೊಡಬಹುದಾಗಿದ್ದ ಕೆಲಸ ನಡೆಯುತ್ತಿದ್ದಾಗ ಅವನು ಒಳಗೆ ಇಸ್ಪೀಟು ಆಡುತ್ತಿದ್ದ.

ಚೆಂದವೇನೋ ಇತ್ತು. ಮೆಣಸಿನ ಬಳ್ಳಿ ಹಬ್ಬಿದ ಆ ಎತ್ತರದ ಮರಗಳ ನೆರಳಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ನಾನು ಎಷ್ಟೋ ಮಧ್ಯಾಹ್ನಗಳನ್ನು ಓದುತ್ತ ಕಳೆದಿದ್ದೇನೆ. ಪಕ್ಕದಲ್ಲಿ ಅವನ ಕಲ್ಲು, ಕಲ್ಲಿನ ಮೇಲೆ ಕ್ಯಾಲಿಪರ್, ನೀರಿನಲ್ಲಿ ಅವನು. ತಲೆ ನರೆತಿತ್ತು, ಈಜು ನರೆತಿರಲಿಲ್ಲ.

ಕಾಟೇಜುಗಳನ್ನು ಕಟ್ಟುವ ಯೋಚನೆ ಅವನದು ಮತ್ತು ಅವನ ಹೆಂಡತಿಯದು. ಸುತ್ತಮುತ್ತಲಿನ ತೋಟಗಳಲ್ಲೆಲ್ಲ ಹೋಮ್‌ಸ್ಟೇ ಆಗುತ್ತಿದ್ದ ಸಮಯ. ಇವರೂ ಕೆರೆ ಕಾಣುವ ಹಾಗೆ ಕೆಲವು ಕಾಟೇಜು ಕಟ್ಟಿಸಿದರು. ಪೆಡಲ್ ಬೋಟು ತಂದರು, ಹಂಸದ ಕುತ್ತಿಗೆಯ ಒಂದು ಬೋಟು ಸಹ. ಆ ಹಂಸದ ಕಣ್ಣುಗಳಿಗೆ ಯಾರೋ ಕಾಡಿಗೆ ತೀಡಿದ ಹಾಗೆ ಬಣ್ಣ ಬಳಿದಿದ್ದರು, ನೋಡಿದರೆ ನಗು ಬರುತ್ತಿತ್ತು. ತಮ್ಮನಿಗೆ ಬೇಕಾಗಿದ್ದದ್ದು ಬೇರೆಯೇ. ಕೆರೆ ಇನ್ನು ಕಾಫಿಯದಲ್ಲ, ವರ್ಷವಿಡೀ ತುಂಬಿರುತ್ತದೆ! ತೋಟಕ್ಕೆ ಬೋರ್‌ವೆಲ್ ಕೊರೆಸಿದ. ಬೇಸಿಗೆಯಲ್ಲೂ ಬೋಟಿಗೆ ನೀರು ಸಾಲಬೇಕೆಂದು ಕೋಡಿಗೆ ಸಿಮೆಂಟಿನ ಕಟ್ಟೆ ಎತ್ತರಿಸಿ ಹಲಗೆ ಕೂರಿಸಿದ. ತೂಬು ಎತ್ತುವ ಕಾರಣವೇ ಉಳಿಯಲಿಲ್ಲ. ಅಪ್ಪ ಕೋಲಿನಿಂದ ಚುಚ್ಚುತ್ತಿದ್ದ ಆ ಒಳಮೈಯನ್ನು ಅಲ್ಲಿಂದ ಮುಂದೆ ಯಾರ ಕಣ್ಣೂ ನೋಡಲಿಲ್ಲ.

ಅವನ ಒಳ್ಳೆಯ ದಿನಗಳೆಂದರೆ ಅವೇ, ಐ ಮಸ್ಟ್ ಸೇ. ಬಂದ ಮಕ್ಕಳಿಗೆಲ್ಲ ಈಜು ಕಲಿಸಿದ. ಕಲ್ಲಿನ ಮೇಲೆ ಬಿಚ್ಚಿಟ್ಟ ಕಬ್ಬಿಣದ ಕಾಲನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡುತ್ತಿದ್ದವು. “ತಾತ, ಇದನ್ನ ಹಾಕ್ಕೊಂಡು ನೀರಿಗೆ ಬಿದ್ರೆ?” ಎಂದು ಒಂದು ಹುಡುಗಿ ಕೇಳಿದ್ದಳು. “ಮುಳುಗ್ತೀನಿ. ಅದಕ್ಕೇ ದೇವರು ನಂಗೆ ಬಕಲ್ ಇಟ್ಟು ಕಳಿಸಿರೋದು. ನಿಂಗಿದೆಯಾ ಬಕಲ್?” ಅವಳು ತನ್ನ ಕಾಲನ್ನು ತಿರುವಿ ತಿರುವಿ ಹುಡುಕಿಕೊಂಡದ್ದು ನನ್ನ ಕಣ್ಣಲ್ಲಿದೆ.

ಆಮೇಲೆ ಮರ ಕಡಿಸಿದರು. ಕಾಟೇಜಿಗೆ ಬಂದವರಿಗೆ ಸೂರ್ಯಾಸ್ತ ಕಾಣುತ್ತಿರಲಿಲ್ಲ, ಎಲ್ಲರೂ ಅದನ್ನೇ ಹೇಳುತ್ತಿದ್ದರು. ತಮ್ಮನ ಹೆಂಡತಿ ನನ್ನನ್ನೂ ಕೇಳಿದಳು, “ಏನಂತೀರಿ ಅತ್ತಿಗೆ?” ನನ್ನ ನೆರಳು ಹೋಗುತ್ತದಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಅದನ್ನು ಬಿಟ್ಟರೆ ಬೇರೇನೂ ತೋಚಲಿಲ್ಲ. ಬುಡದವರೆಗೆ ಕಡಿಸಿ, ಬೊಡ್ಡೆಗಳನ್ನು ಹಾಗೇ ಬಿಟ್ಟರು. “ಬೇರಿರಲಿ ಬಿಡಿ, ಮಣ್ಣು ಹಿಡ್ಕೊಂಡಿರುತ್ತೆ,” ಎಂದ ತಮ್ಮ. ಬೊಡ್ಡೆಗಳ ಮೇಲೆ ಗೆಸ್ಟುಗಳು ಚಹಾದ ಕಪ್ಪಿಟ್ಟುಕೊಂಡು ಸೂರ್ಯ ಮುಳುಗುವುದನ್ನು ನೋಡಿದರು. ನಾಲ್ಕಾರು ಮಳೆಗಾಲ ಕಳೆಯಿತು. ಬೊಡ್ಡೆಗಳಲ್ಲಿ ಅಣಬೆ ಎದ್ದವು, ಆಮೇಲೆ ಮೆತ್ತಗಾದವು, ಆಮೇಲೆ ಚಹಾದ ಕಪ್ ಇಟ್ಟರೂ ಕುಸಿಯತೊಡಗಿದವು.

ಏರಿಯ ಕೆಳಗಿನ ಹೆಂಚಿನ ಮನೆಯ ವಿಷಯ ಹೇಳಿದೆನಲ್ಲ. ಅಲ್ಲಿದ್ದದ್ದು ನನ್ನದೇ ವಯಸ್ಸಿನ ಒಬ್ಬಳು, ಅವಳ ಮಗ, ಸೊಸೆ, ಮುಂದೆ ಒಂದು ತೊಟ್ಟಿಲ ಕೂಸು. ಹಾಸನದ ಕಡೆಯಿಂದ ಬಂದು ಅಪ್ಪನ ಕಾಲದಲ್ಲೇ ಅಲ್ಲಿ ನೆಲೆಯಾದ ಮನೆತನ. ಸ್ವಂತ ಗದ್ದೆ, ಬಾಯಿ ಜೋರು, ಯಾರ ಹಂಗೂ ಇಲ್ಲ. ಒಂದು ಬೇಸಿಗೆಯಲ್ಲಿ ಅವಳು ಕುಕ್ಕೆಯ ತುಂಬ ಕೆಸವಿನ ಎಲೆ ಹೊತ್ತು ತಂದಳು. ಕೊಡೆಯಷ್ಟಗಲದ ಎಲೆಗಳು.

“ನೋಡ್ರಕ್ಕ, ಬ್ಯಾಸ್ಗೇಲಿ ಇಂಥ ಕೆಸ ಯಾರ ಹಿತ್ಲಲ್ಲಿ ಐತೆ ಹೇಳಿ? ನಿಮ್ ಏರಿ ಬುಡ್ದಲ್ಲಿ ಗಂಗಮ್ಮ ಒಸರ್ತಾವ್ಳೆ. ಮಳೆ ಬರೋಗಂಟ ಕಾಯಂಗೇ ಇಲ್ಲ.”

“ಹಾಗಾದ್ರೆ ನಮಗೆ ಬಾಡಿಗೆ ಕೊಡಬೇಕು ನೀವು,” ಎಂದ ತಮ್ಮ.

“ಕೊಟ್ಟೆನಲ್ಲ ಎಲೆಯ! ನಾಲ್ಗೆ ಕಡುದ್ರೆ ಹುಣ್ಸೆಹಣ್ಣು ಜಾಸ್ತಿ ಹಾಕ್ಕೊಳ್ಳಿ. ಆಮೇಲೆ ನಮ್ಮ ಮೇಲೆ ಕೇಸು ಹಾಕ್ಬುಟ್ಟೀರಿ.”

ಪತ್ರೊಡೆ ಮಾಡಿದೆವು. ಅಷ್ಟು ಎಳೆಯ, ಅಷ್ಟು ರುಚಿಯ ಎಲೆಯನ್ನು ನಾನು ತಿಂದದ್ದು ನೆನಪಿಲ್ಲ. ಕಾಟೇಜಿನವರಿಗೂ ಬಡಿಸಿದೆವು. ಮುಂದಿನ ಬೇಸಿಗೆಗೂ ಬಂತು, ಅದರ ಮುಂದಿನದಕ್ಕೂ. ಕೆರೆ ಸೋರುತ್ತಿತ್ತು, ನಾವು ಆ ಸೋರಿಕೆಯನ್ನೇ ಹಬೆಯಲ್ಲಿ ಬೇಯಿಸಿ ತುಪ್ಪ ಹಾಕಿಕೊಂಡು ತಿನ್ನುತ್ತಿದ್ದೆವು.

ಮೂರನೆಯ ಬೇಸಿಗೆಯಲ್ಲಿ ಹಾಗೆ ಪತ್ರೊಡೆ ತಿಂದವರಲ್ಲಿ ಒಬ್ಬರು ರಿಟೈರ್ಡ್ ಎಂಜಿನಿಯರ್. ಹೆಂಡತಿಯ ಜೊತೆ ಎರಡು ದಿನಕ್ಕೆಂದು ಬಂದಿದ್ದವರು, ಮೃದು ಮಾತಿನ ಮನುಷ್ಯ. ಈ ಉರಿಬಿಸಿಲಿನಲ್ಲಿ ಇಂಥ ಎಲೆ ಎಲ್ಲಿಯದು ಎಂದು ಕೇಳಿದರು. ತಮ್ಮ ಹೆಮ್ಮೆಯಿಂದ ಏರಿಯ ಬುಡ ಎಂದ. ಅವರು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದುಹೋದರು. ಬಹಳ ಹೊತ್ತಿನ ಮೇಲೆ ಮೇಲೆ ಬಂದಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ಕೆಂಪಾಗಿತ್ತು. ಕೈಯಲ್ಲೊಂದು ಗಾಜಿನ ಲೋಟ, ಲೋಟದ ತಳದಲ್ಲಿ ಕೆಂಪು ಮಡ್ಡಿ.

“ಸರ್, ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಒಸರೋದು ಸಹಜ. ತಿಳಿನೀರು ಬಂದ್ರೆ ಕಣ್ಣಿಟ್ಟಿರಬೇಕು, ಅಷ್ಟೇ. ಇದು ತಿಳಿನೀರಲ್ಲ. ಏರಿ ಒಳಗಿಂದ ಮಣ್ಣನ್ನ ಹೊತ್ಕೊಂಡು ಬರ್ತಾ ಇದೆ.” ಆಮೇಲೆ ಬೊಡ್ಡೆಗಳ ಕಡೆ ಕೈ ತೋರಿಸಿದರು. “ಮರ ಇದ್ದಾಗ ಬೇರು ತುಂಬ್ಕೊಂಡಿರುತ್ತೆ. ಕಡಿದ ಮೇಲೆ ಅದು ಕೊಳೆತು ಹೋಗುತ್ತೆ, ಜಾಗ ಹಾಗೇ ಇರುತ್ತೆ. ನೀರಿಗೆ ಪೈಪು ಹಾಕಿಕೊಟ್ಟ ಹಾಗೆ. ಮಳೆಗಾಲಕ್ಕೆ ಮೊದಲೇ ನೀರು ಇಳಿಸಿಬಿಡಿ ಸರ್. ತೂಬು ತೆಗೀರಿ.”

ತೂಬು ತೆಗೆಯಲು ಹೋದರೆ ಅದು ಅಲುಗಲಿಲ್ಲ. ಎಷ್ಟೋ ವರ್ಷ ಮುಟ್ಟದೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಂಜಿನಿಯರ್ ಹೋಗುವ ಮುನ್ನ ಕೈಮುಗಿದು ಹೇಳಿದರು, ಪಂಪ್ ಹಚ್ಚಿ ನಿಧಾನವಾಗಿ ಖಾಲಿ ಮಾಡಿ, ಆಮೇಲೆ ಏರಿಯನ್ನು ಒಂದು ಕಡೆ ತಳದವರೆಗೆ ಕತ್ತರಿಸಿ ಹಳ್ಳಕ್ಕೆ ದಾರಿ ಬಿಡಿ. ಬೇರುಗಳನ್ನೆಲ್ಲ ಅಗೆದು ತೆಗೆದು ಪದರಪದರವಾಗಿ ಹೊಸದಾಗಿ ಕಟ್ಟುವವರೆಗೆ ಇಲ್ಲಿ ನೀರು ನಿಲ್ಲಿಸಬೇಡಿ.

ಆ ವಾರ ಮನೆಯಲ್ಲಿ ಊಟಕ್ಕೆ ರುಚಿಯಿರಲಿಲ್ಲ.

“ಮೊನ್ನೆ ಮೊನ್ನೆ ಗುಡ್ಡಗಳೆಲ್ಲ ಜಾರಿದ ಮಳೇಲೇ ನಮ್ಮ ಏರಿಗೆ ಏನೂ ಆಗ್ಲಿಲ್ಲ,” ಎಂದ ತಮ್ಮ. “ಅಪ್ಪ ಕಟ್ಟಿದ್ದು ಅದು.”

“ಆಗ ಬೇರು ಇನ್ನೂ ಪೂರಾ ಕೊಳೆತಿರಲಿಲ್ಲ, ರೀ,” ಎಂದಳು ಅವನ ಹೆಂಡತಿ.

“ನೀನ್ಯಾವಾಗ ಎಂಜಿನಿಯರ್ ಆದೆ?”

“ನೀವು ಪ್ಲಾಂಟರ್ ಆಗಿ ಏರಿ ಮೇಲೆ ಮರ ನೆಟ್ರಲ್ಲ, ಆವಾಗ.”

ಅವನು ತಟ್ಟೆ ತಳ್ಳಿ ಎದ್ದ. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. “ಅಕ್ಕ, ನೀನಾದ್ರೂ ಹೇಳು. ನೆಲದ ಮೇಲೆ ನಾನು ಎಷ್ಟು ದೂರ ನಡೀಬಲ್ಲೆ ಈಗ? ಒಳ್ಳೇ ಕಾಲೂ ಸೋತಿದೆ. ಡಾಕ್ಟರು ವೀಲ್‌ಚೇರ್ ಮಾತಾಡ್ತಿದಾರೆ. ನಂಗಿರೋದು ಅದೊಂದು ನೀರು.”

ಅವನು ತಳ್ಳಿದ್ದ ತಟ್ಟೆಯನ್ನು ನಾನು ಎತ್ತಿಕೊಂಡು ಹೋಗಿ ತೊಳೆದಿಟ್ಟೆ. 

ಮರುದಿನ ಬೆಳಗಿನ ತಿಂಡಿಗೆ ಅವನು ಕಾಣಲಿಲ್ಲ. ಈಜುತ್ತಿರಬಹುದೆಂದು ಏರಿಗೆ ಹೋದರೆ ಕಲ್ಲಿನ ಮೇಲೆ ಕ್ಯಾಲಿಪರ್ ಇಲ್ಲ. ಕೆಳಗಿನಿಂದ ಮಾತು ಕೇಳಿಸಿತು. ಬಗ್ಗಿ ನೋಡಿದೆ. ಆ ಇಳಿಜಾರನ್ನು ಅದು ಹೇಗೆ ಇಳಿದನೋ, ಕೆಳಗಿನ ಮನೆಯ ಜಗಲಿಯ ಮೇಲೆ ಕೂತಿದ್ದ; ಅಂಗಿಯ ಬೆನ್ನೆಲ್ಲ ಮಣ್ಣು.

“ಏನ್ ಸಾವ್ಕಾರ್ರೇ, ದಾರಿ ತಪ್ಪಿ ಬಂದ್ರಾ? ಇಲ್ಲಾ ಬಾಡ್ಗೆ ವಸೂಲಿಗಾ?”

“ಎಲೆ ಕಡಿತಿತ್ತು. ಕೇಸು ಹಾಕೋಕೆ ಬಂದೆ.”

“ಹಾಕಿ ಹಾಕಿ. ಮೊದ್ಲು ಕಾಪಿ ಕುಡೀರಿ. ಲೇ ಹುಡ್ಗಿ, ಬೆಲ್ಲ ಜಾಸ್ತಿ ಹಾಕು, ಕೋರ್ಟಿನೋರು ಬಂದವ್ರೆ.”

ಸೊಸೆ ಕಾಫಿ ತಂದಳು. ತೊಟ್ಟಿಲಿನಿಂದ ಎತ್ತಿ ತಂದ ಕೂಸನ್ನು ಅಜ್ಜಿ ಅವನ ಪಕ್ಕದಲ್ಲೇ ಕೂರಿಸಿದಳು. ಅದು ಕ್ಯಾಲಿಪರಿನ ಕಬ್ಬಿಣವನ್ನು ಚಮಚದಿಂದ ಬಡಿಯುತ್ತಿದ್ದ ಸದ್ದು ಮೇಲಿನವರೆಗೆ ಕೇಳಿಸುತ್ತಿತ್ತು. ತಮ್ಮ ಒಂದು ಗುಟುಕು ಕುಡಿದು ತಲೆ ಎತ್ತಿದ. ನನ್ನನ್ನು ನೋಡುತ್ತಿದ್ದಾನೆ ಎಂದುಕೊಂಡು ಕೈಬೀಸಿದೆ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ.

ಆ ಮನೆಯ ಮಗ ಅವನನ್ನು ಬೆನ್ನ ಮೇಲೆ ಹೊತ್ತು ಮೇಲೆ ತಂದುಬಿಟ್ಟ. ತಮ್ಮ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಸುಧಾರಿಸಿಕೊಂಡ.

“ಅಕ್ಕ, ನೀನು ಯಾವತ್ತಾದ್ರೂ ಕೆಳಗಿಂದ ನೋಡಿದ್ದೀಯಾ?”

“ಏನನ್ನ?”

“ಕೆರೆನ. ನಾನು ಇಷ್ಟು ವರ್ಷ ಮೇಲಿಂದಾನೇ ನೋಡಿದೆ. ಮೇಲಿಂದ ನೋಡಿದ್ರೆ ಅದು ಕನ್ನಡಿ ಥರ ಕೆಳಗಿದೆ. ಅವರ ಜಗಲಿ ಮೇಲೆ ಕೂತು ನೋಡು. ನೀರು ಅವರ ಮನೆ ಹೆಂಚಿಗಿಂತ ಮೇಲಿದೆ, ಅಕ್ಕ. ಅದರ ಕೆಳಗೆ ಆ ಮಗು ಚಮಚ ಬಡೀತಾ ಕೂತಿದೆ.”

“ಅವಳಿಗೆ ಹೇಳಿದ್ಯಾ?”

“ಇಲ್ಲ. ಕಾಫಿ ಕುಡಿದೆ.” ಅಂಗಿಯ ಮಣ್ಣು ಕೊಡವಿ, “ಶೆಡ್ಡಿಂದ ಪಂಪ್ ತೆಗೆಸೋಕೆ ಹೇಳು,” ಎಂದ.

ಅವಳಿಗೆ ವಿಷಯ ತಿಳಿಸಲು ನಾನೇ ಹೋದೆ. ನೀರಿಳಿಯುವವರೆಗೆ ಕೂಸನ್ನೂ ಸೊಸೆಯನ್ನೂ ಅವಳ ತವರಿಗೆ ಕಳಿಸಿ ಎಂದೆ. ಅವಳು ಏರಿಯನ್ನು ನೋಡಿದಳು, ಆಮೇಲೆ ಕೆಸವಿನ ಗಿಡಗಳನ್ನು. ತೊಟ್ಟಿಲ ಹಗ್ಗ ಬಿಚ್ಚಲು ಒಳಗೆ ಹೋದಳು.

ಅಪ್ಪನ ಕಾಲದ ಪೈಪುಗಳನ್ನು ಶೆಡ್ಡಿನಿಂದ ಹೊರತೆಗೆದರು. ಪಂಪಿನ ಸದ್ದು ದಿನವಿಡೀ. ನೀರು ಬೆಳಗ್ಗೆ ಇದ್ದಲ್ಲಿ ಸಂಜೆ ಇರುತ್ತಿರಲಿಲ್ಲ. ತಮ್ಮ ದಿನವೂ ಈಜುತ್ತಿದ್ದ. ದಿನವೂ ಕಲ್ಲಿಗೂ ನೀರಿಗೂ ನಡುವೆ ಕೆಸರು ಸ್ವಲ್ಪ ಸ್ವಲ್ಪವೇ ಅಗಲವಾಗುತ್ತಿತ್ತು. ಮೊದಲು ಹಲಗೆ ಹಾಕಿಸಿಕೊಂಡ. ಆಮೇಲೆ ಕೂತು ಜಾರಿಕೊಂಡು ಹೋದ. ಎತ್ತಿ ಬಿಡುತ್ತೇವೆ ಎಂದು ತೋಟದವರು ಬಂದರೆ, “ನೀರಿಗೆ ಹಾರಬೇಕು ಕಣಯ್ಯ, ಇಳಿಸೋದಲ್ಲ,” ಎಂದು ಬೈದು ಕಳಿಸಿದ. ಒಂದು ದಿನ ಹೋಗಲಿಲ್ಲ. ಅವನ ಕೊನೆಯ ಈಜು ಯಾವ ದಿನದ್ದು ಎಂದು ನಾವ್ಯಾರೂ ಗುರುತಿಟ್ಟುಕೊಳ್ಳಲಿಲ್ಲ; ನಾಳೆಯೂ ಹೋದಾನು ಎಂದೇ ಇದ್ದೆವು.

ಆದರೆ ಈ ಸಲ ಅವನು ಒಳಗೆ ಕೂರಲಿಲ್ಲ. ಕೆರೆ ಖಾಲಿಯಾದ ಮೇಲೆ ಏರಿಯ ಮೇಲೇ ಕುರ್ಚಿ ಹಾಕಿಸಿಕೊಂಡು, ಮಷಿನ್ ಬಂದು ಮಣ್ಣು ಕೊರೆಯುವುದನ್ನು ಪೂರ್ತಿ ನೋಡಿದ. ಕೋಡಿಯ ಪಕ್ಕದಲ್ಲಿ ಏರಿಯನ್ನು ಸೀಳಿದಾಗ, ಕತ್ತರಿಸಿದ ಗೋಡೆಯಲ್ಲಿ ಬೇರುಗಳ ಜಾಗ ಕಂಡಿತು. ಬೇರಿನ ಕಟ್ಟಿಗೆಯೆಲ್ಲ ಕರಗಿಹೋಗಿ ಬರಿಯ ತೊಗಟೆಯ ಕೊಳವೆ ಉಳಿದಿತ್ತು, ಬಿಚ್ಚಿ ಹಾಕಿದ ಅಂಗಿಯ ತೋಳಿನ ಹಾಗೆ. ಒಳಗೆಲ್ಲ ಕೆಂಪು ಕೆಸರು. ತಮ್ಮ ಹತ್ತಿರ ಕರೆದೊಯ್ಯಲು ಹೇಳಿ, ಅದರೊಳಗೆ ಕೈ ಹಾಕಿದ. ಮೊಣಕೈವರೆಗೆ ಹೋಯಿತು. ಕೈಯನ್ನು ಹಾಗೇ ಒಳಗಿಟ್ಟುಕೊಂಡು ನಿಂತ. “ಅಪ್ಪ ಕರೀತಿದ್ರು, ಅಲ್ವಾ ಅಕ್ಕ?” ಎಂದ. ನಾನು ಹೌದೆಂದೆ.

ಆ ವರ್ಷ ಜೋರು ಮಳೆ ಹಿಡಿಯಿತು. ಹಳ್ಳ ಕೆಂಪಗೆ ಉಬ್ಬಿ ಬಂದು, ಸೀಳಿದ ಜಾಗದಿಂದ ನುಗ್ಗಿ, ಗದ್ದೆಯ ಅಂಚಿನ ತನ್ನ ಹಳೆಯ ದಾರಿಯಲ್ಲಿ ಹರಿದುಹೋಯಿತು. ಕೆಳಗಿನ ಮನೆಯ ಒಂದು ಹೆಂಚೂ ಜರುಗಲಿಲ್ಲ. ನಡೆಯದೇ ಹೋದ ಅನಾಹುತಕ್ಕೆ ಯಾರು ಬಂದು ಥ್ಯಾಂಕ್ಯೂ ಹೇಳುತ್ತಾರೆ? ಕಾಟೇಜಿಗೆ ಬಂದವರು, “ಫೋನಲ್ಲಿ ಲೇಕ್ ಇದೆ ಅಂತ ಹಾಕಿದ್ರಲ್ಲ” ಎಂದು ಗೊಣಗಿದರು. ಆಮೇಲೆ ಬರುವುದನ್ನೂ ನಿಲ್ಲಿಸಿದರು. ಕೆಳಗಿನವಳು ಬೇಸಿಗೆಯಲ್ಲಿ ಬರಿಗೈಯಲ್ಲಿ ಬಂದು ಬೈದಳು: “ಕೆಸ ಎಲ್ಲಾ ಒಣ್ಗೋಯ್ತು ಕಣ್ರಕ್ಕ. ನಿಮ್ ತಮ್ಮಂಗೆ ಹೇಳಿ, ಈ ಸಲ ಕೇಸು ನಾನೇ ಹಾಕ್ತೀನಿ.” ಹಾಗೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಮಲಗಿದ್ದ ಅವನ ಕಾಲಿನ ಹತ್ತಿರ ಒಂದು ಗಳಿಗೆ ಕೂತು ಹೋದಳು.

ಮುಂದಿನ ವರ್ಷ ಕಟ್ಟೋಣ ಎನ್ನುತ್ತಿದ್ದೆವು. ಮುಂದಿನ ವರ್ಷ ಬಂದಾಗಲೂ ಅದನ್ನೇ ಅಂದೆವು. ಅವನ ತೋಳುಗಳು ಸಹ ಬಡವಾದವು. ಈಜದ ಮೈ ಅಷ್ಟು ಬೇಗ ಮುದಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಂಸದ ಬೋಟನ್ನು ಕಾಫಿ ಕಣದ ಪಕ್ಕದಲ್ಲಿ ಮಗುಚಿ ಹಾಕಿದ್ದರು. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತಿದ್ದವು.

ಕಾಫಿ ಕುಯ್ಲಿನ ಸಮಯದಲ್ಲಿ ನಾನು ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೊರಟೆ. ನಾನು ಹಿಂದಿರುಗುವ ಮೊದಲೇ ಅವನು ಹೋಗಿಬಿಟ್ಟ. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚುವ ಹೊತ್ತಿಗೆ ಫೋನು ಬಂತು, ಹೊಸ ಕಣ್ಣಿನಿಂದ ಅವನನ್ನು ನೋಡಲಾಗಲಿಲ್ಲ. ಆದ್ದರಿಂದ ನನ್ನಲ್ಲಿ ಉಳಿದಿರುವುದು ನಾನು ಮೈಸೂರಿಗೆ ಹೊರಟ ಬೆಳಗಿನ, ಪೊರೆ ಕವಿದ ನೋಟವೇ.

ಜೀಪು ಎದುರು ಗುಡ್ಡದ ದಾರಿಯಲ್ಲಿ ಹೋಗುತ್ತಿತ್ತು. ಅಲ್ಲಿಂದ ಏರಿ ಇಡೀ ಕಾಣುತ್ತದೆ. ಕೆರೆಯ ಅಂಗಳದಲ್ಲಿ ಹುಲ್ಲು ಎದ್ದು, ಹುಲ್ಲಿನ ಮೇಲೆ ಇಬ್ಬನಿ ಕೂತು, ನನ್ನ ಕಣ್ಣಿಗೆ ಅದು ತುಂಬಿದ ನೀರಿನ ಹಾಗೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಕಲ್ಲಿನ ಮೇಲೆ ಕೂತಿದ್ದ. ಅದು ಹೇಗೆ ಅಲ್ಲಿಯವರೆಗೆ ಬಂದನೋ. ಜೀಪು ನಿಲ್ಲಿಸಲು ಹೇಳಿ, ಕಿಟಕಿಯಿಂದ ಕೈ ಹೊರಚಾಚಿದೆ.

“ಅಕ್ಕ,” ಎಂದು ಆಚೆಯಿಂದ ಕೂಗಿದ. ದನಿ ಮಾತ್ರ ಹುಡುಗನದೇ. “ಕಣ್ಣು ಸರಿ ಮಾಡಿಸ್ಕೊಂಡು ಬಾ. ಈಜು ಕಲಿಸ್ತೀನಿ.”

“ನೀರೆಲ್ಲೋ?” ಎಂದು ಕೂಗಿದೆ.

ಅವನಿಗೆ ಕೇಳಿಸಿತೋ ಇಲ್ಲವೋ. ಡ್ರೈವರ್ ಜೀಪನ್ನು ಮತ್ತೆ ಸ್ಟಾರ್ಟ್ ಮಾಡಿದ. ಅವನು ಬಗ್ಗಿ, ಕಾಲಿನ ಬಕಲ್ ಬಿಚ್ಚುತ್ತಿದ್ದ.